ಸೇತುವೆಯನ್ನು ಮಳೆಯಲ್ಲೇ ನೋಡಬೇಕು

ಕೆಲವು ವರ್ಷಗಳ ಹಿಂದೆ ಶಿವಮೊಗ್ಗ ಪೇಟೆ ಮತ್ತು ಸುತ್ತಮುತ್ತಲಿನ ಒಂಬತ್ತು ಹಳೇ ಸೇತುವೆಗಳ ಪಟ್ಟಿ ನನ್ನ ಮೇಜಿಗೆ ಬಂತು. ಯಾವುದನ್ನು ಮೊದಲು ರಿಪೇರಿ ಮಾಡಬೇಕು, ಎಷ್ಟು ದುಡ್ಡು ಬೇಕು, ಯಾವಾಗ ಶುರು ಮಾಡಬೇಕು, ಇಷ್ಟು ಹೇಳಬೇಕಿತ್ತು. ನಾನು ಶುರುವಿಗೇ ಎಡವಿದೆ. ವಯಸ್ಸು ನೋಡಿ ಪಟ್ಟಿ ಮಾಡಿಬಿಟ್ಟೆ. ಕಲ್ಲಿನ ಕಮಾನಿನವು ಮೇಲೆ, ಎಪ್ಪತ್ತರ ದಶಕದ ಕಾಂಕ್ರೀಟಿನವು ಕೆಳಗೆ.

ಅದಕ್ಕೊಂದು ಕಾರಣವೂ ಇತ್ತು. 2016ರ ಆಗಸ್ಟಿನಲ್ಲಿ ಮಹಾರಾಷ್ಟ್ರದ ಮಹಾಡ್ ಹತ್ತಿರ ಸಾವಿತ್ರಿ ನದಿಯ ಬ್ರಿಟಿಷರ ಕಾಲದ ಸೇತುವೆ ರಾತ್ರೋರಾತ್ರಿ ಪ್ರವಾಹಕ್ಕೆ ಕೊಚ್ಚಿಹೋದ ಮೇಲೆ ಹಳೇ ಕಲ್ಲಿನ ಸೇತುವೆ ಅಂದ್ರೆ ಎಲ್ಲರಿಗೂ ಭಯ. ಆದರೆ 2024ರಲ್ಲಿ ಕಾರವಾರದ ಹತ್ತಿರ ಕಾಳಿ ನದಿಗೆ ಬಿದ್ದಿದ್ದು ಕಾಂಕ್ರೀಟಿನದು. ಅದಕ್ಕೆ ಆಗಿದ್ದು ಸುಮಾರು 40 ವರ್ಷ ಅಷ್ಟೇ.

ನನ್ನ ಪಟ್ಟಿ ತಲೆಕೆಳಗಾಗಿದ್ದು ಒಬ್ಬ ಮೀನು ಹಿಡಿಯುವ ಅಜ್ಜನಿಂದ. ಬೇಸಿಗೆಯಲ್ಲಿ ಒಂದು ಕಾಂಕ್ರೀಟ್ ಸೇತುವೆಯ ಕೆಳಗೆ ಫೋಟೋ ತೆಗೀತಾ ಇದ್ದೆ. ಅಜ್ಜ ಗಾಳ ಹಾಕ್ಕೊಂಡು ಕೂತಿದ್ದರು. "ಈಗ ಬಂದು ಎಂಥ ನೋಡ್ತೀರಿ ಮಾರಾಯ್ರೇ? ಪುಷ್ಯ ಮಳೇಲಿ ಬನ್ನಿ. ಮಳೆ ನಿಂತು ಎರಡು ದಿನ ಆದ್ರೂ ಇದು ಸೋರ್ತಾ ಇರ್ತದೆ" ಅಂದರು. ಮೊದಲು ನಗು ಬಂತು. ಆದರೂ ಜುಲೈನಲ್ಲಿ ಕೊಡೆ, ಟಾರ್ಚ್ ಹಿಡಿದು ಹೋದೆ. ಅಜ್ಜ ಹೇಳಿದ್ದು ಸರಿ ಇತ್ತು.

ಎರಡು ಸ್ಪ್ಯಾನ್ (ಕಂಬದಿಂದ ಕಂಬದವರೆಗಿನ ಸೇತುವೆಯ ಭಾಗ) ಸೇರುವ ಜಾಯಿಂಟಿನ ರಬ್ಬರ್ ಕಿತ್ತುಹೋಗಿತ್ತು. ರಸ್ತೆಯ ನೀರೆಲ್ಲ ಅಲ್ಲಿಂದ ಇಳಿದು, ರಸ್ತೆ ಹೊತ್ತ ತೊಲೆಯ, ಅಂದ್ರೆ ಗರ್ಡರಿನ, ತುದಿ ನೆನೆಸಿ, ಆ ತುದಿ ಕೂರುವ ಬೇರಿಂಗಿನ ಮೇಲೆ ನಿಲ್ಲುತ್ತಿತ್ತು. ಡೆಕ್ಕಿನ (ಸೇತುವೆಯ ಮೇಲಿನ ಹಾಸು) ನೀರು ಹೋಗುವ ಕೊಳವೆಗಳಲ್ಲಿ ಮಣ್ಣು ತುಂಬಿ ಹುಲ್ಲು ಬೆಳೆದಿತ್ತು. ಬೇಸಿಗೆಯಲ್ಲಿ ಸುಣ್ಣ ಬಳಿದಂತೆ ಕಂಡ ಬಿಳಿ ಗೆರೆಗಳು ಏನು ಅಂತ ಆಗ ಅರ್ಥವಾಯಿತು. ನೀರು ಕಾಂಕ್ರೀಟಿನೊಳಗಿನ ಸುಣ್ಣವನ್ನೇ ತೊಳೆದು ಹೊರಗೆ ತರುತ್ತಿತ್ತು. ನಮ್ಮಲ್ಲಿ ಆರು ತಿಂಗಳು ನೆನೆಯುವುದು, ಆರು ತಿಂಗಳು ಒಣಗುವುದು. ಒಳಗಿನ ಕಬ್ಬಿಣದ ಸರಳಿಗೆ ಇದಕ್ಕಿಂತ ಕೆಟ್ಟದ್ದು ಬೇಕಾ?

ಮಳೆಗಾಲ ಮುಗಿದ ಮೇಲೆ ಮೇಸ್ತ್ರಿ ಜೊತೆ ಅಟ್ಟಣಿಗೆ ಹತ್ತಿದೆ. ಸುತ್ತಿಗೆಯಲ್ಲಿ ತಟ್ಟುತ್ತಾ ಹೋದೆವು. ಗಟ್ಟಿ ಜಾಗದಲ್ಲಿ 'ಟಣ್' ಅನ್ನುತ್ತೆ, ಟೊಳ್ಳಾದಲ್ಲಿ 'ಡಬ್'. ಕಣ್ಣಿಗೆ ಚೆನ್ನಾಗಿಯೇ ಕಾಣುತ್ತಿದ್ದ ಗರ್ಡರಿನ ತುದಿ ಡಬ್ ಡಬ್ ಅಂತು. ಅಲ್ಲಿ ಸ್ವಲ್ಪ ಒಡೆದು ಫಿನಾಲ್ಫ್ತಲೀನ್ ಸಿಂಪಡಿಸಿದೆವು. ಸರಳನ್ನು ತುಕ್ಕಿನಿಂದ ಕಾಯುವ ಕ್ಷಾರ ಕಾಂಕ್ರೀಟಿನಲ್ಲಿ ಉಳಿದಿದ್ದರೆ ಗುಲಾಬಿ ಬಣ್ಣ ಬರಬೇಕು. ಸರಳಿನ ತನಕ ಬಣ್ಣವೇ ಬರಲಿಲ್ಲ. ಅದೇ ಗರ್ಡರಿನ ಮಧ್ಯದಲ್ಲಿ, ನೀರು ತಾಗದ ಕಡೆ, ಮೇಲಿನ ಒಂದು ಸೆಂಟಿಮೀಟರ್ ಬಿಟ್ಟರೆ ಒಳಗೆಲ್ಲ ಕಡು ಗುಲಾಬಿ. ಒಂದೇ ದಿನ ಸುರಿದ ಕಾಂಕ್ರೀಟು ಅದು! ಆಮೇಲೆ ತುಕ್ಕಿನ ಅಂದಾಜಿಗೆ ಸರಳಿನ ವೋಲ್ಟೇಜ್ ಅಳೆಯುವ ಹಾಫ್ ಸೆಲ್ ಪರೀಕ್ಷೆ ಮಾಡಿಸಿದೆ. ಮೈನಸ್ 350 ಮಿಲಿವೋಲ್ಟಿಗಿಂತ ಕೆಳಗೆ ಹೋದರೆ ತುಕ್ಕು ಹಿಡಿದಿರುವ ಸಾಧ್ಯತೆ ನೂರಕ್ಕೆ 90ಕ್ಕಿಂತ ಜಾಸ್ತಿ ಅಂತ ಲೆಕ್ಕ. ಜಾಯಿಂಟಿನ ಕೆಳಗೆಲ್ಲ ಅದೇ ಬಂತು.

ಇನ್ನೊಂದು ಸಂಗತಿ ಕಾಗದದಲ್ಲಿ ಎಲ್ಲೂ ಇರಲಿಲ್ಲ. ಡಾಂಬರು ಎಷ್ಟು ದಪ್ಪ ಇದೆ ಅಂತ ಕೊರೆದು ನೋಡಿದರೆ ಹತ್ತಿರ ಹತ್ತಿರ 15 ಸೆಂಟಿಮೀಟರ್. ಪ್ರತಿ ಸಲವೂ ಹಳೇದರ ಮೇಲೆ ಹೊಸದು ಹಾಕುತ್ತಾ ಬಂದಿದ್ದರು. ಏಳೂವರೆ ಮೀಟರ್ ಅಗಲದ ರಸ್ತೆಯಲ್ಲಿ 100 ಮೀಟರ್ ಉದ್ದಕ್ಕೆ ಇದು 250 ಟನ್ನಿಗೂ ಜಾಸ್ತಿ. ಡಿಸೈನ್ ಮಾಡಿದವರು ಇಷ್ಟು ದಪ್ಪದ ಡಾಂಬರಿಗೆ ಲೆಕ್ಕ ಹಾಕಿರಲಿಲ್ಲ. ಎಸ್ಟಿಮೇಟಿನಲ್ಲಿ ನಾನು ಬರೆದ ಮೊದಲ ಐಟಂ ಅದನ್ನು ಕೆರೆದು ತೆಗೆಯುವುದು. ಗರ್ಡರಿಗೆ ಬಲ ಕೊಡೋಕೆ ಕಾರ್ಬನ್ ಫೈಬರ್ ಹಾಳೆ ಸುತ್ತೋಣ ಅಂತ ಬಂದವರಿಗೆ ಮೊದಲು ಸೋರಿಕೆ ನಿಲ್ಲಿಸಿ ಅಂದೆ. ಒಳಗೆ ತುಕ್ಕು ಬೆಳೀತಾ ಇರುವಾಗ ಹೊರಗೆ ಅಂಗಿ ತೊಡಿಸಿ ಏನು ಪ್ರಯೋಜನ?

ಇನ್ನು ಕಲ್ಲಿನ ಕಮಾನು. ತುಕ್ಕು ಹಿಡಿಯೋಕೆ ಅದರಲ್ಲಿ ಕಬ್ಬಿಣವೇ ಇಲ್ಲ. ಕಲ್ಲು ಕಲ್ಲನ್ನು ಒತ್ತಿಕೊಂಡು ನಿಂತಿರುತ್ತೆ. ಮಹಾಡಿನದು ನೆನಪಿದ್ದರಿಂದ ಪಾಯದ ಸುತ್ತ ಹೊಳೆ ಮರಳು ಕೊರೆದಿದೆಯಾ ಅಂತ ಇಬ್ಬರು ಮುಳುಗುಗಾರರನ್ನು ಇಳಿಸಿ ನೋಡಿಸಿದೆ, ಸರಿ ಇತ್ತು. ಪಕ್ಕದ ಗೋಡೆಯಲ್ಲಿ ಅರಳಿ ಗಿಡ ಬೇರು ಬಿಟ್ಟಿತ್ತು. ಅದನ್ನು ಬೇರು ಸಮೇತ ತೆಗೆದು, ಸಂದುಗಳಿಗೆ ಸುಣ್ಣದ ಗಾರೆ ತುಂಬಿಸಿದೆವು. ಹಿಂದೆ ಯಾರೋ ಸಿಮೆಂಟ್ ಮೆತ್ತಿದ್ದ ಕಡೆಯೇ ಕಲ್ಲಿನ ಅಂಚು ಚಕ್ಕೆ ಎದ್ದಿತ್ತು, ಏಕೆಂದರೆ ಸಿಮೆಂಟು ಹಳೇ ಗಾರೆಗಿಂತ ಗಡುಸು, ಒಳಗಿನ ತೇವವನ್ನೂ ಹೊರಗೆ ಬಿಡಲ್ಲ.

ವೇಳಾಪಟ್ಟಿ ಮಾಡುವುದೇ ದೊಡ್ಡ ತಲೆನೋವು. ಮಲೆನಾಡಲ್ಲಿ ಕೈಗೆ ಸಿಗುವುದು ಡಿಸೆಂಬರಿನಿಂದ ಮೇವರೆಗೆ. ಅದರೊಳಗೇ ಅಡಿಕೆ ಲಾರಿಗಳು, ಎಸ್ಸೆಸ್ಸೆಲ್ಸಿ ಪರೀಕ್ಷೆ, ಎರಡು ವರ್ಷಕ್ಕೊಮ್ಮೆ ಕೋಟೆ ಮಾರಿಕಾಂಬೆ ಜಾತ್ರೆ. ಕಾಲುವೆ ಮೇಲಿನ ಸೇತುವೆಗೆ ಕಾಲುವೆಗೆ ನೀರು ಬಿಡುವುದು ನಿಲ್ಲಿಸಿದಾಗಲೇ ಕೆಲಸ, ಅದು ನಮ್ಮ ಕೈಯಲ್ಲಿಲ್ಲ. ಕೆಳಗೆ ನೇತಾಡುವ ಕುಡಿಯುವ ನೀರಿನ ಪೈಪು, ಕೇಬಲ್ಲುಗಳ ಅನುಮತಿಗೆ ರಿಪೇರಿಗಿಂತ ಜಾಸ್ತಿ ದಿನ ಹೋಯಿತು. ತುಂಗೆಯ ಎರಡು ಸೇತುವೆಗಳನ್ನು ಒಂದೇ ಬೇಸಿಗೆಯಲ್ಲಿ ಮುಟ್ಟಬಾರದು ಅಂತ ನಾನೇ ಹಟ ಹಿಡಿದೆ. ಒಂದು ಬಂದ್ ಆದರೆ ಅದರ ಲಾರಿಗಳೆಲ್ಲ ಇನ್ನೊಂದರ ಮೇಲೇ ಹೋಗಬೇಕಲ್ಲ.

ಬೇರಿಂಗ್ ಬದಲಿಸುವ ರಾತ್ರಿ ಸಂಚಾರ ನಿಲ್ಲಿಸಿ, ಒಂದು ತುದಿಯ ಎಲ್ಲ ಗರ್ಡರುಗಳಿಗೂ ಜಾಕ್ ಕೊಟ್ಟು ಒಟ್ಟಿಗೆ ಎತ್ತಿದೆವು. ಎತ್ತಿದ್ದು ಕೆಲವೇ ಮಿಲಿಮೀಟರ್. ಹಳೇ ಬೇರಿಂಗಿನ ಲೋಹದ ತಟ್ಟೆಗಳು ತುಕ್ಕಿನಲ್ಲಿ ಒಂದಕ್ಕೊಂದು ಅಂಟಿ, ಎಳೆದರೆ ಹಪ್ಪಳದ ಹಾಗೆ ಪುಡಿಯಾದವು. ನೀರಿನ ಕೊಳವೆಗಳನ್ನು ಗರ್ಡರಿನಿಂದ ಕೆಳಕ್ಕೆ ಇಳಿಯುವಷ್ಟು ಉದ್ದ ಮಾಡಿಸಿದೆ. ಇಡೀ ಕೆಲಸದಲ್ಲಿ ತುಂಬ ಅಗ್ಗದ್ದು ಅದು. ಮುಂದಿನ ಪುಷ್ಯ ಮಳೆಗೆ ಮತ್ತೆ ಕೊಡೆ ಹಿಡಿದು ಹೋದೆ. ಐದು ಜಾಯಿಂಟಲ್ಲಿ ನಾಲ್ಕು ಒಣಗಿದ್ದವು. ಐದನೆಯದು ಒಂದು ಮೂಲೆಯಲ್ಲಿ ಹನಿಯುತ್ತಿತ್ತು. ಗುತ್ತಿಗೆದಾರರಿಗೆ ಅಲ್ಲಿಂದಲೇ ಫೋನ್ ಮಾಡಿದೆ.