ಮುಖಾಮುಖಿ ಡಿಕ್ಕಿಯ ಲೆಕ್ಕ ಹಾಕುವುದು ಹೇಗೆ?

ಎರಡು ಕಾರು. ಎರಡೂ ಗಂಟೆಗೆ 60 ಕಿ.ಮೀ. ವೇಗದಲ್ಲಿ ಬಂದು ಎದುರುಬದುರು ಗುದ್ದಿಕೊಂಡವು. ಒಳಗಿದ್ದವರಿಗೆ 120ರಲ್ಲಿ ಗೋಡೆಗೆ ಗುದ್ದಿದಷ್ಟು ಪೆಟ್ಟು ಎಂದು ಬಹಳ ಜನ ಹೇಳುತ್ತಾರೆ. ನಾನೂ ಹಾಗೇ ನಂಬಿದ್ದೆ. ನಿಜವೋ ಸುಳ್ಳೋ ನೋಡಲು ಒಂದು ಹಾಳೆ, ಒಂದು ಪೆನ್ನು ಸಾಕು.

ಮೊದಲು ಗಂಟೆಯ ಲೆಕ್ಕವನ್ನು ಸೆಕೆಂಡಿಗೆ ಇಳಿಸಿ. 60ನ್ನು 3.6ರಿಂದ ಭಾಗಿಸಿದರೆ ಸೆಕೆಂಡಿಗೆ 16.7 ಮೀಟರ್. ಇಷ್ಟೇನಾ ಅನ್ನಬೇಡಿ. ನಾಲ್ಕಂತಸ್ತಿನ ತಾರಸಿಯಿಂದ, ಅಂದರೆ ಸುಮಾರು 14 ಮೀಟರ್ ಮೇಲಿಂದ ಬಿದ್ದ ಕಲ್ಲು ನೆಲ ಮುಟ್ಟುವುದೂ ಇದೇ ವೇಗದಲ್ಲಿ.

ಈಗ ಶಾಲೆಯಲ್ಲಿ ಓದಿದ ಸಂವೇಗ. ತೂಕವನ್ನು ವೇಗದಿಂದ ಗುಣಿಸಿ. ಕಾರುಗಳು ಒಂದೊಂದು ಟನ್ ಇದ್ದರೆ ಒಂದರದ್ದು 60, ಎದುರಿನದ್ದು ಮೈನಸ್ 60. ಕೂಡಿದರೆ ಸೊನ್ನೆ. ಎರಡೂ ಗುದ್ದಿದ ಜಾಗದಲ್ಲೇ ನಿಲ್ಲುತ್ತವೆ. ಗೋಡೆಗೆ 60ರಲ್ಲಿ ಗುದ್ದಿದ್ದರೂ ನಿಮ್ಮ ಕಾರು 60ರಿಂದ ಸೊನ್ನೆಗೇ ಬರುತ್ತಿತ್ತು, ಅಲ್ವಾ? ಒಟ್ಟು ಶಕ್ತಿ ಎರಡರಷ್ಟು, ನಿಜ. ಆದರೆ ಜಜ್ಜಿಹೋಗಲು ಕಾರೂ ಎರಡಿವೆ. ಹಾಗಾಗಿ 120ರ ಮಾತು ತಪ್ಪು.

ಎದುರಿಗೆ 15 ಟನ್ ಲಾರಿ ಬಂದರೆ? ಅದರ ವೇಗವೂ 60 ಇರಲಿ. 15ನ್ನು 60ರಿಂದ ಗುಣಿಸಿದರೆ 900. ಕಾರಿನ 60 ಕಳೆದರೆ 840. ಎರಡರ ಒಟ್ಟು ತೂಕ 16ರಿಂದ ಭಾಗಿಸಿ: 52.5. ಕಾರು ಲಾರಿಯ ಮೂತಿಗೆ ಅಂಟಿಕೊಂಡು 52.5 ವೇಗದಲ್ಲಿ ಹಿಂದಕ್ಕೆ ಹೋಗುತ್ತದೆ. ಲಾರಿಯ ವೇಗದಲ್ಲಿ ಆದ ಬದಲಾವಣೆ ಬರೀ 7.5. ಕಾರಿನದ್ದು 112.5! ಆ ತಪ್ಪು ಲೆಕ್ಕ ಇಲ್ಲಿ ಹೆಚ್ಚುಕಡಿಮೆ ಸರಿಯಾಗಿಬಿಡುತ್ತದೆ.

ಕೊನೆಗೆ, ನಿಲ್ಲಲು ಎಷ್ಟು ಜಾಗ ಸಿಕ್ಕಿತು ಅನ್ನುವುದನ್ನು ನೋಡಿ. ವೇಗ ಎಷ್ಟು ಜೋರಾಗಿ ಇಳಿಯಿತು ಎಂದು ತಿಳಿಯಲು, ಸೆಕೆಂಡಿಗೆ ಇಷ್ಟು ಮೀಟರ್ ಎಂದು ಇಳಿಸಿದ ವೇಗದ ವರ್ಗವನ್ನು ಆ ದೂರದ (ಅದೂ ಮೀಟರಿನಲ್ಲೇ) ಎರಡರಷ್ಟರಿಂದ ಭಾಗಿಸಬೇಕು. ಸಮಸಮ ಕಾರುಗಳ ಡಿಕ್ಕಿಯಲ್ಲಿ ಮೂತಿ 60 ಸೆಂ.ಮೀ. ಮುದುಡಿದರೆ ಭೂಮಿಯ ಗುರುತ್ವ ವೇಗವರ್ಧನೆಯ ಸುಮಾರು 24 ಪಟ್ಟು ಬರುತ್ತದೆ. ಬೆಲ್ಟ್ ಹಾಕಿದವರು ಹೆಚ್ಚುಕಡಿಮೆ ಕಾರಿನ ಜೊತೆಗೇ ನಿಲ್ಲುತ್ತಾರೆ. ಹಾಕದವರು ಅದೇ ವೇಗದಲ್ಲಿ ಮುಂದೆ ಹೋಗಿ ಡ್ಯಾಶ್‌ಬೋರ್ಡಿಗೆ ಬಡಿದು 5 ಸೆಂ.ಮೀ.ನಲ್ಲಿ ನಿಂತರೆ 280 ಪಟ್ಟು ದಾಟುತ್ತದೆ. ಈಗಿನ ಕಾರು ಸುಮ್ನೆ ತಗಡು, ಹಳೆಯದೇ ಗಟ್ಟಿ ಎಂದು ಬಯ್ಯುವವರಿದ್ದಾರೆ. ಮೂತಿ ಮುದುಡಲಿ ಎಂದೇ ಹಾಗೆ ಮಾಡಿರುತ್ತಾರೆ. ಮರ್ಸಿಡಿಸ್‌ನ ಎಂಜಿನಿಯರ್ ಬೇಲಾ ಬರೇನಿಯ ಈ ಉಪಾಯ 1959ರಲ್ಲಿ ಕಾರಿಗೆ ಬಂತು. ವೋಲ್ವೊದ ನಿಲ್ಸ್ ಬೋಲಿನ್ ರೂಪಿಸಿದ ಮೂರು ಬಿಂದುಗಳ ಸೀಟ್ ಬೆಲ್ಟ್ ಬಂದದ್ದೂ ಅದೇ ವರ್ಷ.

ಇದೇ ಲೆಕ್ಕವನ್ನು ಕಾರಿನ ಸ್ಟಾರ್ ರೇಟಿಂಗ್‌ಗೂ ಹಚ್ಚಿ. ಕಾರನ್ನು ಗುದ್ದಿಸಿ ನೋಡಿ ಸುರಕ್ಷತೆಗೆ ಸ್ಟಾರ್ ಕೊಡುವ, 2023ರಲ್ಲಿ ಶುರುವಾದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಕಾರನ್ನು 64 ಕಿ.ಮೀ. ವೇಗದಲ್ಲಿ, ಮುಂಭಾಗದ ಶೇ 40ರಷ್ಟು ತಾಗುವಂತೆ, ಜಜ್ಜಿಹೋಗುವ ಅಲ್ಯೂಮಿನಿಯಂ ತಡೆಗೆ ಗುದ್ದಿಸುತ್ತಾರೆ. ಹೆಚ್ಚುಕಡಿಮೆ ತನ್ನಷ್ಟೇ ತೂಕದ ಕಾರು ಎದುರು ಬಂದ ಹಾಗೆ. ಆ ಪರೀಕ್ಷೆಯಲ್ಲಿ ಲಾರಿ ಇಲ್ಲ.