ನಕ್ಷೆಯಲ್ಲಿ ಇಲ್ಲದ ಕಿಟಕಿ

ಅತ್ತಾವರದ ಒಳರಸ್ತೆಯೊಂದರಲ್ಲಿ ಆ ಹಂಚಿನ ಮನೆ ಇದೆ. ಜಗಲಿ, ಚಾವಡಿ, ಎರಡು ಕೋಣೆ, ಅಡುಗೆಮನೆ, ಬಚ್ಚಲು, ಅಷ್ಟೇ. ಮಂಗಳೂರಲ್ಲಿ ಹಳೆ ಮನೆ ಅಂದ ಕೂಡಲೇ ಜನರಿಗೆ ಗುತ್ತಿನ ಮನೆಗಳು, ದೊಡ್ಡ ಬಂಗಲೆಗಳು ನೆನಪಾಗುತ್ತವೆ. ಇದು ಶಾಲೆಯ ಮಾಸ್ಟ್ರೊಬ್ಬರ ಮನೆ. ಆದರೂ 1930ರ ದಶಕದಲ್ಲಿ ಇದಕ್ಕೆ ಆರ್ಕಿಟೆಕ್ಟ್ ಒಬ್ಬರು ಕೂತು ನಕ್ಷೆ ಬರೆದಿದ್ದರು.

ಮಾಸ್ಟ್ರ ಮೊಮ್ಮಗಳು ನನ್ನ ಆಫೀಸಿಗೆ ಬಂದಾಗ ಕೈಯಲ್ಲಿ ಆ ನಕ್ಷೆ ಇತ್ತು. ನೀಲಿ ಕಾಗದ, ಬಿಳಿ ಗೆರೆ. ಮಡಿಕೆ ಬಿದ್ದಲ್ಲೆಲ್ಲ ಹರಿದಿತ್ತು. ಎಂಟು ಅಡಿಗೆ ಒಂದು ಇಂಚಿನ ಅಳತೆ. "ಮಾಡು ಸೋರುತ್ತದೆ ಸರ್, ಗೋಡೆ ಉದುರುತ್ತದೆ. ಎಲ್ಲರೂ ಕೆಡವಿ ಅಂತಾರೆ. ನನಗೆ ಮನಸ್ಸಿಲ್ಲ" ಎಂದರು.

ನಾನು ಯಾವ ಹಳೆ ಮನೆಗೂ ಮೊದಲ ದಿನವೇ ಕೆಲಸದವರನ್ನು ಕರೆದುಕೊಂಡು ಹೋಗುವುದಿಲ್ಲ. ಟೇಪು, ಪೆನ್ಸಿಲು, ಕಾಗದ ಹಿಡಿದು ಒಬ್ಬನೇ ಹೋಗಿ ಮನೆಯನ್ನು ಅಳೆಯುತ್ತೇನೆ. ಇಲ್ಲೂ ನಾಲ್ಕು ದಿನ ಅಳೆದೆ. ಗೋಡೆಗಳು ನಕ್ಷೆಗೆ ಸರಿಯಾಗಿದ್ದವು, ಬಾಗಿಲುಗಳೂ ಸರಿ. ಒಂದೇ ಕಡೆ ತಪ್ಪಿತು. ಅಡುಗೆಮನೆಯ ಹಿಂದಿನ ಗೋಡೆ ನಕ್ಷೆಯಲ್ಲಿ ಖಾಲಿ, ಮನೆಯಲ್ಲಿ ಅಲ್ಲೊಂದು ಅಗಲದ ಕಿಟಕಿ! ಸರಳಿಲ್ಲ, ಬರೀ ಎರಡು ಹಲಗೆಯ ಬಾಗಿಲು. ತೆರೆದರೆ ಕೈಗೆಟಕುವಷ್ಟು ಹತ್ತಿರದಲ್ಲೇ ಬಾವಿ.

ನೀಲಿ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದೆ. ಅದೇ ಗೋಡೆಯ ಮೇಲೆ ಕೆಂಪು ಪೆನ್ಸಿಲಿನ ಎರಡು ಸಣ್ಣ ಗೀಟು ಇದ್ದವು. ನಕ್ಷೆ ಮುಗಿದ ಮೇಲೆ ಯಾರೋ ಬಂದು ಇಲ್ಲೊಂದು ಕಿಟಕಿ ಬೇಕು ಎಂದಿದ್ದಾರೆ. ಆರ್ಕಿಟೆಕ್ಟ್ ಕೇಳಿಸಿಕೊಂಡಿದ್ದಾರೆ.

ಯಾರು ಅಂತ ತಿಳಿದದ್ದು ದಾಖಲೆ ಹುಡುಕುವಾಗ. ಊರಿಗೆಲ್ಲ ಇದು ಮಾಸ್ಟ್ರ ಮನೆ. ಆದರೆ ಟ್ರಂಕಿನ ತಳದಲ್ಲಿದ್ದ ಮೂಲಗೇಣಿ ಚೀಟಿನಲ್ಲಿ, ಅಂದರೆ ಶಾಶ್ವತ ಗೇಣಿಯ ಪತ್ರದಲ್ಲಿ, ಇದ್ದದ್ದು ಮಾಸ್ಟ್ರ ಹೆಂಡತಿಯ ಹೆಸರು. ತಾಯಿಯ ಕಡೆಯಿಂದ ಆಸ್ತಿ ಇಳಿಯುವ ಅಳಿಯಸಂತಾನದ ಕುಟುಂಬ, ಜಾಗ ಹೆಣ್ಣಿನ ಕಡೆಯಿಂದ ಬಂದದ್ದು. ಮಂಗಳೂರು ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಆ ಕಾಲದ ಮೂಲಗೇಣಿ ಜಾಗದಲ್ಲಿ ಕಟ್ಟಿದ ಮನೆಗಳು ನಮ್ಮ ಊರಲ್ಲಿ ಬೇಕಾದಷ್ಟಿವೆ. ಹಳೆ ಮನೆ ರಿಪೇರಿಗೆ ಇಳಿಯುವವರು ಆ ಚೀಟನ್ನು ಒಮ್ಮೆ ಓದಿ. ವಕೀಲರಿಗೆ ಕೊಡಲಿಕ್ಕೆ ಮಾತ್ರ ಇರುವ ಕಾಗದ ಅಲ್ಲ ಅದು. ಮನೆ ಯಾರ ಮಾತು ಕೇಳಿ ಎದ್ದಿತು ಅಂತ ನನಗೆ ಗೊತ್ತಾದದ್ದೇ ಅದರಿಂದ.

ಫೆಬ್ರವರಿಯಲ್ಲಿ ಮಾಡಿಗೆ ಕೈ ಹಾಕಿದೆವು. ಮೇ ಕೊನೆಗೆ ಬರುವ ತುಳುವರ ಪತ್ತನಾಜೆ ದಿನದೊಳಗೆ ಮುಚ್ಚಲೇಬೇಕು, ಆಮೇಲೆ ಮಳೆಯನ್ನು ನಂಬುವ ಹಾಗಿಲ್ಲ. ಸುಮಾರು 2,200 ಹಂಚು ಇಳಿಸಿದೆವು. ಒಂದೊಂದನ್ನೂ ಬೆರಳ ಗಂಟಿನಿಂದ ತಟ್ಟಿ ನೋಡಬೇಕು. ಒಳ್ಳೆಯ ಹಂಚು ಟಣ್ ಅನ್ನುತ್ತದೆ. ಕಣ್ಣಿಗೆ ಕಾಣದ ಬಿರುಕಿದ್ದರೆ ಡಬ್ ಅನ್ನುತ್ತದೆ. ಡಬ್ ಅಂದದ್ದು ಮುನ್ನೂರರಷ್ಟು. ಅದಕ್ಕೆ ಬದಲಿಯಾಗಿ ಕೆಡವಿದ ಮನೆಗಳ ಹಳೆ ಹಂಚನ್ನೇ ಹುಡುಕಿ ತಂದೆ. ಹೊಸ ಹಂಚಿನ ಕಚ್ಚು ಹಳೆಯದಕ್ಕೆ ಸರಿಯಾಗಿ ಕೂರಲಿಲ್ಲ. ಕೂರದಿದ್ದರೆ ಗಾಳಿಮಳೆಗೆ ನೀರು ಒಳಗೆ ಬಂದೇ ಬರುತ್ತದೆ.

ಕೆಲವು ಹಂಚಿನ ಬೆನ್ನ ಮೇಲೆ 1865 ಅಂತ ಇತ್ತು. ಮನೆಯವರಿಗೆ ತುಂಬಾ ಖುಷಿ, ನಮ್ಮ ಮಾಡು ಅಷ್ಟು ಹಳೆಯದು ಅಂತ. ಅದು ಹಂಚು ಸುಟ್ಟ ವರ್ಷ ಅಲ್ಲ. ಬಾಸೆಲ್ ಮಿಶನ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ. ಆಲ್ಬುಕರ್ಕ್ ಹಂಚಿನಲ್ಲಿ ಕಾಣುವ 1868 ಕೂಡ ಹಾಗೆಯೇ. ಮೊದಲ ಮಹಾಯುದ್ಧದಲ್ಲಿ ಮಿಶನ್ನಿನ ಕಾರ್ಖಾನೆಗಳು ಸರ್ಕಾರದ ಕೈಗೆ ಹೋಗಿ, ಆಮೇಲೆ ಕಾಮನ್‌ವೆಲ್ತ್ ಟ್ರಸ್ಟಿಗೆ ಸೇರಿದವು. ಈ ಮಾಡಿನಲ್ಲಿ ಎರಡು ಮೂರು ಕಾರ್ಖಾನೆಯ ಹಂಚು ಬೆರೆತಿತ್ತು. ಮಾಸ್ಟ್ರ ಸಂಬಳದಲ್ಲಿ ಎಲ್ಲಿ ಕಡಿಮೆಗೆ ಸಿಕ್ಕಿತೋ ಅಲ್ಲಿಂದ ತಂದಿರಬೇಕು ಅಂತ ನನಗೆ ಅನಿಸುತ್ತದೆ.

ಮಾಡಿನ ಇಳಿಜಾರು ತೊಲೆಗಳಾದ ಪಕ್ಕಾಸುಗಳು ಗಟ್ಟಿ ಇದ್ದವು. ಹಂಚು ಕೂರುವ ಮರದ ಪಟ್ಟಿ, ರೀಪು, ಅರ್ಧಕ್ಕರ್ಧ ಒರಲೆ ತಿಂದು ಪುಡಿಯಾಗಿತ್ತು, ಹೊಸದು ಹಾಕಿದೆವು.

ಗೋಡೆಯದ್ದೇ ಜಾಸ್ತಿ ತಲೆಬಿಸಿ. ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆಗೆ ಇಪ್ಪತ್ತು ವರ್ಷದ ಹಿಂದೆ ಯಾರೋ ಸಿಮೆಂಟ್ ಗಾರೆ ಮಾಡಿದ್ದರು. ಮುರಕಲ್ಲು ನೀರು ಕುಡಿಯುವ ಕಲ್ಲು. ಮಳೆಗಾಲದಲ್ಲಿ ಕುಡಿದದ್ದನ್ನು ಬೇಸಿಗೆಯಲ್ಲಿ ಬಿಡಬೇಕು. ಸುಣ್ಣದ ಗಾರೆ ಅದಕ್ಕೆ ದಾರಿ ಕೊಡುತ್ತದೆ, ಸಿಮೆಂಟ್ ಕೊಡುವುದಿಲ್ಲ. ಹಾಗಾಗಿ ನೆಲದಿಂದ ಮೂರಡಿ ಎತ್ತರದವರೆಗೆ ಒಳಗೊಳಗೇ ಒದ್ದೆ, ಮೇಲಿನ ಪೇಂಟ್ ಹಪ್ಪಳದ ಹಾಗೆ ಉಬ್ಬಿತ್ತು. ಸಿಮೆಂಟನ್ನು ಉಳಿಯಿಂದ ಮೆಲ್ಲ ಕೆತ್ತಿ ತೆಗೆಸಿದೆ. ಜೋರಾಗಿ ಹೊಡೆದರೆ ಕಲ್ಲಿನ ಮುಖವೇ ಕಿತ್ತು ಬರುತ್ತದೆ. ಮರುವಾಯಿ ಚಿಪ್ಪಿನ ಸುಣ್ಣ ತರಿಸಿ, ಮೂರು ವಾರ ನೀರಲ್ಲಿ ಅರಳಲು ಬಿಟ್ಟೆವು. ಒಂದು ಪಾಲು ಸುಣ್ಣ, ಮೂರು ಪಾಲು ಮರಳು, ಕಲಸಲು ಸ್ವಲ್ಪ ಬೆಲ್ಲದ ನೀರು. ಒಂದೇ ದಿನ ದಪ್ಪಕ್ಕೆ ಮೆತ್ತಬಾರದು. ತೆಳ್ಳಗೆ ಎರಡು ಸಲ, ನಡುವೆ ಒಂದು ವಾರ ಬಿಡುವು. ಮೇಸ್ತ್ರಿಗೆ ಈ ನಿಧಾನ ಹಿಡಿಸಲಿಲ್ಲ. ಆದರೆ ಏಪ್ರಿಲಿನಲ್ಲಿ ಗೋಡೆ ಮುಟ್ಟಿ ನೋಡಿದಾಗ ಅವರೇ "ತಂಪುಂಟು, ಒದ್ದೆ ಇಲ್ಲ" ಎಂದರು.

ಮತ್ತೆ ಅಡುಗೆಮನೆಯ ಕಿಟಕಿ. ಬಾವಿಗೆ ಪಂಪು ಇರುವಾಗ ಅದು ಯಾಕೆ, ಮುಚ್ಚಿದರೆ ಒಲೆ ಕಟ್ಟೆ ಉದ್ದ ಸಿಗುತ್ತದೆ ಎಂಬ ಮಾತು ಮನೆಯಲ್ಲಿ ಬಂತು. ನಾನು ಮುಚ್ಚುವುದು ಬೇಡ ಎಂದೆ. ಆದರೆ ದಾರಂದದ (ಚೌಕಟ್ಟಿನ) ಕೆಳಗಿನ ಮರ ಸವೆದಿತ್ತು, ಅದನ್ನು ಬದಲಿಸಿ ಅಂತ ಆಚಾರ್ರಿಗೆ ಹೇಳಿಬಿಟ್ಟೆ. ಅವರು ಉಳಿ ಕೆಳಗಿಟ್ಟು ನನ್ನನ್ನು ಹತ್ತಿರ ಕರೆದರು.

"ಸರ್, ಇದು ಹಲಸಿನ ಮರ. ಕಬ್ಬಿಣದ ಹಾಗೆ ಉಂಟು. ಇದು ಹಾಳಾದದ್ದಲ್ಲ. ಬೆರಳಿಟ್ಟು ನೋಡಿ."

ಇಟ್ಟೆ. ಬೆರಳು ಅರ್ಧ ಮುಳುಗುವಷ್ಟು ಆಳದ ಗುಂಡಗಿನ ಗೆರೆ. ಅಂಚು ಕನ್ನಡಿಯ ಹಾಗೆ ನುಣುಪು. ಕೊಡಪಾನದ ಹಗ್ಗ ವರ್ಷಾನುಗಟ್ಟಲೆ ಉಜ್ಜಿ ಆದದ್ದು. ನಾಲ್ಕು ದಿನ ಅಳೆದವನಿಗೆ ಇದು ಕಾಣಲಿಲ್ಲ. ಮರ ಬದಲಿಸುವ ಮಾತು ಅಲ್ಲಿಗೇ ನಿಂತಿತು. ಆದರೆ ಒಂದು ಸಂಶಯ ಉಳಿಯಿತು. ಗೆರೆ ಕಿಟಕಿಯ ನಡುವೆ ಇರಲಿಲ್ಲ, ಎಡಕ್ಕೆ ಒಂದು ಗೇಣು ಸರಿದಿತ್ತು. ರಾಟೆ ನಡುವಲ್ಲಿ ತಾನೇ ಇರಬೇಕು?

ಕೆಲಸ ಮುಗಿದ ಮೇಲೆ ಮನೆ ಈಗ ಹೇಗಿದೆಯೋ ಹಾಗೆ ಹೊಸ ನಕ್ಷೆ ಬರೆದೆ. ಕಿಟಕಿ ಹಾಕಿದೆ, ಹೊರಗೆ ಬಾವಿ, ಕಿಟಕಿಯ ನಡುವಿಗೆ ಸರಿಯಾಗಿ ರಾಟೆ. ಜೂನಿನಲ್ಲಿ ಮನೆಯವರ ದೊಡ್ಡಮ್ಮ ಬಂದರು. ಮಾಸ್ಟ್ರ ಹಿರಿ ಮಗಳು, 86 ವರ್ಷ, ಹುಟ್ಟಿದ್ದು ಅದೇ ಮನೆಯ ಕೋಣೆಯಲ್ಲಿ. ಹೊರಗೆ ಜೋರು ಮಳೆ, ಒಳಗೆ ಒಂದು ಹನಿ ಇಲ್ಲ. ಅವರು ಮಾಡು ನೋಡಲಿಲ್ಲ, ಗೋಡೆ ನೋಡಲಿಲ್ಲ. ನೇರ ಅಡುಗೆಮನೆಗೆ ಹೋಗಿ ಕಿಟಕಿ ತೆರೆದರು.

"ಇಂಥ ಮಳೆಗೆ ಕೊಡಪಾನ ಹಿಡಿದು ಅಂಗಳಕ್ಕೆ ಇಳಿಯುವವಳಲ್ಲ ನಾನು ಅಂತ ಅಮ್ಮ ಆ ಇಂಜಿನಿಯರಿಗೆ ಹೇಳಿದ್ದಂತೆ" ಎಂದರು, ತುಳುವಿನಲ್ಲಿ. ನಾನು ನಕ್ಷೆ ತೋರಿಸಿದೆ. ಕನ್ನಡಕ ಏರಿಸಿ ತುಂಬಾ ಹೊತ್ತು ನೋಡಿದರು. ಆಮೇಲೆ ರಾಟೆಯ ಮೇಲೆ ಬೆರಳಿಟ್ಟರು.

"ಇದು ತಪ್ಪು ಮಗಾ. ರಾಟೆ ಎಡಕ್ಕೆ. ಅಮ್ಮ ಎಡಚಿ ಅಲ್ವಾ?"

ಅಲ್ಲೇ ಪೆನ್ಸಿಲು ತೆಗೆದು ಒಂದು ಗೇಣು ಎಡಕ್ಕೆ ಸರಿಸಿದೆ.