ರ‍್ಯಾಲಿಯಲ್ಲಿ ದಿಬ್ಬ ಹಾರಿಸಿ ಇಳಿಸುವುದು: ನನ್ನ ಅನುಭವ

ರ‍್ಯಾಲಿ ಓಡಿಸ್ತೀನಿ ಅಂದ ಕೂಡಲೇ ಜನ ಜಂಪ್ ಬಗ್ಗೆ ಕೇಳುತ್ತಾರೆ. 'ಗಾಳಿಯಲ್ಲಿದ್ದಾಗ ಏನು ಮಾಡ್ತೀರಿ?' ಅಂತ. ಹೆಚ್ಚೇನೂ ಮಾಡೋಕಾಗಲ್ಲ. ಕಾರು ಹೇಗೆ ಇಳಿಯಬೇಕು ಅನ್ನುವುದು ದಿಬ್ಬದ ನೆತ್ತಿ ಮುಟ್ಟುವ ಮೊದಲೇ ತೀರ್ಮಾನವಾಗಿರುತ್ತದೆ.

ರೆಕ್ಕಿಯಲ್ಲಿ, ಅಂದರೆ ಸ್ಪರ್ಧೆಗೆ ಮುಂಚೆ ದಾರಿ ನೋಡಿಕೊಂಡು ಬರುವಾಗ, ನಾನು ಜಾಸ್ತಿ ನೋಡುವುದು ದಿಬ್ಬದ ಆಚೆ ಬದಿಯನ್ನು. ಅಲ್ಲಿ ಇಳಿಜಾರಿದ್ದರೆ ಪೆಟ್ಟು ಕಡಿಮೆ. ಸಪಾಟಾಗಿದ್ದರೆ ಎಂಜಿನ್ ಅಡಿ ಕಾಯುವ ತಗಡು, ಅಂದರೆ ಸಂಪ್ ಗಾರ್ಡ್, ನೆಲಕ್ಕೆ ಬಡಿಯಬಹುದು. ಮುಂದಿನ ತಿರುವು ಎಷ್ಟು ಹತ್ತಿರ ಅಂತಲೂ ಪೇಸ್ ನೋಟ್ಸ್‌ನಲ್ಲಿ, ಅಂದರೆ ಓಡಿಸುವಾಗ ಪಕ್ಕದ ಕೋ-ಡ್ರೈವರ್ ಓದಿ ಹೇಳುವ ದಾರಿಯ ಟಿಪ್ಪಣಿಯಲ್ಲಿ, ಬರೆಸುತ್ತೇನೆ. 100 ಕಿ.ಮೀ. ವೇಗದಲ್ಲಿ ಅರ್ಧ ಸೆಕೆಂಡ್ ಹಾರಿದರೆ ಸುಮಾರು 14 ಮೀಟರ್. ಅಷ್ಟು ದೂರ ಬ್ರೇಕೂ ಇಲ್ಲ, ಸ್ಟೀರಿಂಗೂ ಇಲ್ಲ. ರೆಕ್ಕಿ ನಿಧಾನಕ್ಕೆ ಮಾಡುವುದರಿಂದ ಯಾವ ಉಬ್ಬು ಕಾರನ್ನು ಎತ್ತುತ್ತದೆ ಅನ್ನುವುದು ಅಂದಾಜಿನ ಮಾತು. ಉಬ್ಬಿನ ದುಂಡು 60 ಮೀಟರ್ ತ್ರಿಜ್ಯದ್ದಾದರೆ, 87 ಕಿ.ಮೀ. ದಾಟುತ್ತಿದ್ದಂತೆ ಚಕ್ರ ನೆಲ ಬಿಡುತ್ತದೆ. ಅನುಮಾನವಿದ್ದರೆ 'ಜಂಪ್ ಮೇಬಿ' (ಹಾರಬಹುದು) ಅಂತ ಬರೆಸಿಬಿಡುತ್ತೇನೆ.

ವೇಗ ಇಳಿಸುವುದಿದ್ದರೆ ದೂರದಲ್ಲೇ, ಕಾರು ನೇರವಾಗಿರುವಾಗಲೇ ಇಳಿಸಬೇಕು. ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ಬಂದು ಮುಂದಿನ ಸ್ಪ್ರಿಂಗ್ ಅದುಮುತ್ತದೆ, ಹಿಂಭಾಗ ಏಳುತ್ತದೆ. ಹಾಗೇ ನೆತ್ತಿ ದಾಟಿದರೆ ಕಾರು ಮೂತಿ ಮುಂದಾಗಿ ಬೀಳುತ್ತದೆ. ರೇಡಿಯೇಟರ್ ಹೋಯಿತು ಅಂತಲೇ ಲೆಕ್ಕ. ಅದಕ್ಕೇ ನಾನು ಬ್ರೇಕ್ ಬಿಟ್ಟು, ಕಾರು ಸಮವಾಗಲು ಬಿಟ್ಟು, ನೆತ್ತಿ ದಾಟುವಾಗ ಆಕ್ಸಿಲರೇಟರ್ ಹದವಾಗಿ ಒತ್ತಿಯೇ ಇರುತ್ತೇನೆ. ಮೂತಿ ಚೂರು ಮೇಲಿರುತ್ತದೆ. ಸರಿಯಾಗಿ ನೆತ್ತಿಯ ಮೇಲೆ ಹೆದರಿ ಕಾಲು ತೆಗೆಯುವುದಿದೆಯಲ್ಲ, ಅದರಷ್ಟು ಅಪಾಯ ಇನ್ನೊಂದಿಲ್ಲ. ಹಿಂದಿನ ಶಾಕ್ ಅಬ್ಸಾರ್ಬರ್‌ನ ರಿಬೌಂಡ್ (ಅದುಮಿದ ಸ್ಪ್ರಿಂಗ್ ವಾಪಸ್ ಹಿಗ್ಗುವುದನ್ನು ತಡೆಯುವ ಬಿಗಿ) ತೀರಾ ಸಡಿಲವಿದ್ದರೂ ಹಿಂಭಾಗ ಒದ್ದಂತೆ ಏಳುತ್ತದೆ. ಅದನ್ನು ಸ್ಟೇಜಿಗೆ, ಅಂದರೆ ಸಮಯ ಅಳೆದು ಓಡಿಸುವ ದಾರಿಯ ಭಾಗಕ್ಕೆ, ಇಳಿಯುವ ಮುಂಚೆಯೇ ಸರಿಮಾಡಿಕೊಳ್ಳಬೇಕು.

ನೆಲ ಬಿಟ್ಟ ಕೂಡಲೇ ಎಂಜಿನ್ ಚೀರುತ್ತದೆ, ಚಕ್ರಕ್ಕೆ ಹಿಡಿತ ಇಲ್ಲವಲ್ಲ. ಕಾಲು ಸ್ವಲ್ಪ ಸಡಿಲಿಸುತ್ತೇನೆ. ಮೂತಿ ತೀರಾ ಎದ್ದಿದ್ದರೆ ಎಡಗಾಲಿನಲ್ಲಿ ಬ್ರೇಕ್ ಮುಟ್ಟುತ್ತೇನೆ. ಚಕ್ರಗಳ ರಭಸ ಕಾರಿಗೆ ಬಂದು ಮೂತಿ ತಗ್ಗುತ್ತದೆ. ಚೂರೇ ಚೂರು, ಪವಾಡ ನಿರೀಕ್ಷಿಸಬೇಡಿ. ನೆಲ ಮುಟ್ಟುವ ಮೊದಲು ಬ್ರೇಕ್ ಬಿಟ್ಟಿರಲೇಬೇಕು.

ಇಳಿಯುವಾಗ ಮುಂದಿನ ಚಕ್ರಗಳು ಕಾರು ಹೋಗುತ್ತಿರುವ ದಿಕ್ಕಿಗೇ ಇರಬೇಕು. ಹೆಬ್ಬೆರಳನ್ನು ಸ್ಟೀರಿಂಗಿನ ಕಡ್ಡಿಗೆ ಸಿಕ್ಕಿಸದೆ ಅಂಚಿನ ಮೇಲೆ ಇಟ್ಟಿರುತ್ತೇನೆ. ಸ್ಟೀರಿಂಗ್ ಒಮ್ಮೆ ಒದ್ದರೆ ಬೆರಳು ಉಳಿಯುವುದಿಲ್ಲ. ಚಕ್ರ ನೆಲ ಕಚ್ಚಿದ ಮೇಲೆ ಆಕ್ಸಿಲರೇಟರ್ ಮೆಲ್ಲಗೆ. ಫುಲ್ ಒತ್ತಿಕೊಂಡೇ ಇಳಿದರೆ ಡ್ರೈವ್‌ಶಾಫ್ಟ್, ಗೇರ್‌ಬಾಕ್ಸ್ ಎರಡಕ್ಕೂ ಏಟು. ಕಾರು ಒಂದು ಸಲ ಕುಸಿದು ಎದ್ದು ನಿಲ್ಲುವವರೆಗೆ ತಿರುಗಿಸುವ ಗೋಜಿಗೆ ಹೋಗುವುದಿಲ್ಲ.

2016ರಲ್ಲಿ ಸ್ವೀಡನ್ ರ‍್ಯಾಲಿಯ ಕಾಲಿನ್ಸ್ ಕ್ರೆಸ್ಟ್ ಅನ್ನುವ ಹೆಸರಾಂತ ದಿಬ್ಬದಲ್ಲಿ ಒಬ್ಬ ಚಾಲಕ 45 ಮೀಟರ್ ಹಾರಿದ್ದುಂಟು. ನೋಡೋಕೆ ಚೆಂದ. ಆದರೆ ಗಾಳಿಯಲ್ಲಿ ಕಾರು ವೇಗ ಪಡೆಯುವುದಿಲ್ಲ, ಹಾಗಾಗಿ ನನಗೆ ತಗ್ಗಿನ, ಚಿಕ್ಕ ಜಂಪೇ ಇಷ್ಟ. ಬೆನ್ನಿಗೂ ಅದೇ ಒಳ್ಳೆಯದು. ತಲೆ ತಗ್ಗಿಸಿ ನೋಟ್ಸ್ ಓದುವ ಕೋ-ಡ್ರೈವರ್‌ಗಂತೂ ಏಟು ಬರುವುದು ಕಾಣಿಸುವುದೇ ಇಲ್ಲ. ಅದಕ್ಕೇ ಜಂಪ್ ಇರುವ ಸ್ಟೇಜಿನಲ್ಲಿ ಸ್ಟಾರ್ಟ್‌ಗೆ ಮುಂಚೆ ಇಬ್ಬರ ಬೆಲ್ಟನ್ನೂ ಮತ್ತೊಮ್ಮೆ ಎಳೆದು ಬಿಗಿ ಮಾಡಿಸುತ್ತೇನೆ.